ವಿಮಾನಕ್ಕೆ ಲೈಟು ಹೊಡೆದ ಮಾವ

ಮೊನ್ನೆ ಜವಳಗೇರಾಕ್ಕೆ ಹೋದಾಗ ಮಾವನ ಭತ್ತದ ಗದ್ದೆಯಲ್ಲಿ ಬೆದರುಬೊಂಬೆಯೊಂದು ವಿಮಾನ ನಿಲ್ದಾಣದ ಜಾಕೀಟು ತೊಟ್ಟು ನಿಂತಿತ್ತು. ಕಿತ್ತಳೆ ಬಣ್ಣ, ಎದೆಯ ಮೇಲೆ ಮಿಂಚುವ ಪಟ್ಟಿ. ಬೆಳ್ಳಕ್ಕಿಗಳು ಅದಕ್ಕೆ ಹೆದರುವುದಿರಲಿ, ಅದರ ಸುತ್ತಲೇ ಒಂದೊಂದಾಗಿ ಇಳಿಯುತ್ತಿದ್ದವು. ತಮ್ಮನ್ನು ಸುರಕ್ಷಿತವಾಗಿ ಇಳಿಸಿಕೊಳ್ಳಲೆಂದೇ ಯಾರೋ ಒಬ್ಬ ಸಿಬ್ಬಂದಿಯನ್ನು ನೇಮಿಸಿದ್ದಾರೆಂದು ಅವು ತಿಳಿದಂತಿತ್ತು.

ಆ ಜಾಕೀಟು ನಮ್ಮ ಯಂಕೋಬ ಮಾವನದು. ನನ್ನ ಅವ್ವನ ತಮ್ಮ. ಮೀಸೆ ಮೂಡುವ ಮೊದಲೇ ಟ್ರ್ಯಾಕ್ಟರ್ ಏರಿದವನು. ಸ್ಟಿಯರಿಂಗ್ ಹಿಡಿಯುವುದೊಂದು ಬಿಟ್ಟರೆ ಜಗತ್ತಿನ ಬೇರೆ ಯಾವ ಕೆಲಸವೂ ಅವನ ಕೈಗೆ ಹತ್ತಲಿಲ್ಲ. ಅಂಥವನಿಗೆ ಯಾರೋ ಪರಿಚಯದವರು ದೂರದ ಊರಿನ ವಿಮಾನ ನಿಲ್ದಾಣದಲ್ಲಿ ನೌಕರಿ ಕೊಡಿಸಿದರು. ಪ್ರಯಾಣಿಕರ ಪೆಟ್ಟಿಗೆಗಳ ಟ್ರಾಲಿಗಳನ್ನು ಸಣ್ಣದೊಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವ ಕೆಲಸ. ಗುರುಗುಂಟಾದ ಹೆಣ್ಣುಮಗಳಾದ ನಮ್ಮತ್ತೆ ದುರುಗಮ್ಮನಿಗೆ ಇದು ಅರ್ಥವೇ ಆಗಲಿಲ್ಲ. "ಟ್ರ್ಯಾಕ್ಟರೇ ಹೊಡಿಯೋದಾದ್ರ ಅಷ್ಟು ದೂರ ಯಾಕ ಹೋಗ್ಬೇಕು? ಇಲ್ಲೇನು ಟ್ರ್ಯಾಕ್ಟರಿಗಿ ಬರಗಾಲ ಬಂದಾದೇನು?" ಎಂದು ನನ್ನನ್ನು ಕೇಳಿದ್ದಳು. ಗಂಡನಿಗೆ ಹೇಳಬೇಕಾದ್ದನ್ನೆಲ್ಲ ಅವಳು ನನಗೇ ಹೇಳುತ್ತಾಳೆ.

ನೀವು ಈ ಕಡೆಯವರಲ್ಲದಿದ್ದರೆ ಇಲ್ಲೊಂದು ಮಾತು ತಿಳಿಸಬೇಕು. ನಮ್ಮ ಕಾಲುವೆಗಳ ಮೇಲಿನ ಇಕ್ಕಟ್ಟಿನ ಸೇತುವೆಗಳಿಗೆ ಒಂದು ಕಾನೂನಿದೆ, ಯಾವ ಪುಸ್ತಕದಲ್ಲೂ ಇಲ್ಲದ್ದು. ಆಚೆಯಿಂದೊಂದು ಗಾಡಿ, ಈಚೆಯಿಂದೊಂದು ಗಾಡಿ ಬಂದರೆ ಯಾರು ಮೊದಲು ಲೈಟು ಹೊಡೆಯುತ್ತಾರೋ ಸೇತುವೆ ಅವರದು. ಇನ್ನೊಬ್ಬ ನಿಲ್ಲಬೇಕು. ದಾಟಿದವನು ಕೈ ಎತ್ತಬೇಕು. ನಾನಂತೂ ಬೈಕಿನ ಮೇಲೆ ಕೂತು ಎಮ್ಮೆಗಳಿಗೂ ಲೈಟು ಹೊಡೆದವನು. ಎಮ್ಮೆಗಳು ಕಾನೂನು ಪಾಲಿಸಲಿಲ್ಲ, ಅದು ಬೇರೆ ಮಾತು.

ಮಾವ ಅದೇ ಕಾನೂನನ್ನು ಕೈಯಲ್ಲಿಟ್ಟುಕೊಂಡು ಹೋಗಿದ್ದ. ಒಂದು ಮಧ್ಯಾಹ್ನ ಟ್ರಾಲಿ ತುಂಬ ಪೆಟ್ಟಿಗೆ ಎಳೆದುಕೊಂಡು ಹೊರಟಿದ್ದಾನೆ. ಆಗಷ್ಟೇ ಇಳಿದ ವಿಮಾನವೊಂದು ತನ್ನ ಜಾಗಕ್ಕೆ ಮೆಲ್ಲಗೆ ಉರುಳುತ್ತ ಅಡ್ಡ ಬರುತ್ತಿದೆ. ಮಾವ ಎರಡು ಸಲ ಲೈಟು ಹೊಡೆದ.

"ನಿಂತ್ಬಿಡ್ತು ಅಳ್ಯಾ," ಎಂದು ಆಮೇಲೆ ನನಗೆ ಹೇಳಿದ. "ಮೂಗುದಾರ ಜಗ್ಗಿದ ಎತ್ತಿನಂಗ ಮೂಗು ಕೆಳಗ ಮಾಡಿ ನಿಂತು. ಪೈಲಟ್ಟು ಭಾಳ ಒಳ್ಳೆ ಮನುಷ್ಯಾ ಅದಾನ ಅನ್ಕೊಂಡು ಕೈ ಎತ್ತಿ ದಾಟಿದೆ."

ದಾಟಿ ಮುಗಿಸುವಷ್ಟರಲ್ಲಿ ನಿಲ್ದಾಣದ ಕಾವಲಿನವರ ಹಳದಿ ದೀಪದ ಜೀಪು ಬಂದು, ಒಳಗೆ ಗಾಡಿ ಓಡಿಸುವ ಅವನ ಪಾಸು ಕಿತ್ತುಕೊಂಡಿತು. ಊರಿಗೆ ಹೋಗಿ ನಿಯಮ ಕಲಿತು ಬಾ, ಮತ್ತೆ ಪರೀಕ್ಷೆ. ತಪ್ಪಿದರೆ ಇಲ್ಲಿ ಇನ್ನು ಯಾವ ಗಾಡಿಯನ್ನೂ ಮುಟ್ಟುವ ಹಾಗಿಲ್ಲ ಎಂದರು.

ಮಾವ ಊರಿಗೆ ಬಂದು ಕಟ್ಟೆಯ ಮೇಲೆ ಕೂತು ಬಾಯಿಪಾಠ ಮಾಡತೊಡಗಿದ. "ವಿಮಾನ ಬಂದ್ರ ನಾವು ನಿಲ್ಲಬೇಕು. ಅದಕ್ಕ ಹಾರನ್ ಕೇಳಸಂಗಿಲ್ಲ. ಹಿಂದ ಹೋದ್ರ ಅದರ ಗಾಳಿ ಟ್ರಾಲಿನೇ ಹಾರಸ್ತದ. ಹೊಟ್ಟಿ ಕೆಳಗ ಕೆಂಪು ದೀಪ ಮಿಣುಕಾಕತ್ತಿದ್ರ, ನಿಂತದ್ದರ ಹತ್ರಾನೂ ಹೋಗಂಗಿಲ್ಲ." ಎಲ್ಲ ಸರಿ. ಆದರೆ ಟ್ರ್ಯಾಕ್ಟರ್ ಏರಿ ಸೇತುವೆ ಕಂಡೊಡನೆ ಕೈ ತಾನೇ ಹೋಗಿ ಲೈಟು ಹೊಡೆಯುತ್ತಿತ್ತು.

"ನಿಮ್ಮ ಮಾವಗ ಬಾಯಿಗೆಲ್ಲ ಬರ್ತದ, ಕೈಗೆ ಬರವಲ್ದು," ಎಂದು ಅತ್ತೆ ನನ್ನನ್ನು ಟ್ರ್ಯಾಕ್ಟರಿನ ಮೇಲೆ ಕಾವಲಿಗೆ ಹತ್ತಿಸಿದಳು. ಲೈಟಿನ ಗುಂಡಿಗೆ ತನ್ನ ಹಳೆಯ ಸೀರೆಯ ಚೂರು ಸುತ್ತಿ ಗಂಟು ಹಾಕಿದಳು. ಸಿಂಧನೂರಿನಿಂದ ಬರುವ ಪ್ರತಿ ಬಸ್ಸೂ ವಿಮಾನ ಎಂದು ನಾವು ಗೊತ್ತುಮಾಡಿಕೊಂಡೆವು.

ಸೇತುವೆಯ ಬಾಯಿಗೆ ಬಂದೆವು. ಆಚೆ ಬಸ್ಸು ಕಾಣಿಸಿತು. ಮಾವನ ಕೈ ಹೋಯಿತು, ಸೀರೆ ತಾಗಿತು, ಹಿಂದಕ್ಕೆ ಬಂತು. ನಿಂತ. ಲೈಟಿಲ್ಲ, ಹಾರನ್ನಿಲ್ಲ. ಬಸ್ಸೂ ನಿಂತಿತು. ಈ ಸೀಮೆಯಲ್ಲಿ ಟ್ರ್ಯಾಕ್ಟರೊಂದು ಲೈಟು ಹೊಡೆಯದೆ ಸೇತುವೆಯ ಮುಂದೆ ನಿಂತದ್ದನ್ನು ಆ ಡ್ರೈವರ್ ಕಂಡಿರಲಿಲ್ಲ. ಸೇತುವೆಗೇ ಏನೋ ಆಗಿದೆ ಎಂದುಕೊಂಡ. ಬಸ್ಸಿನ ಮಂದಿ ಇಳಿದರು. ಕೆಲವರು ಬಗ್ಗಿ ಸೇತುವೆಯ ಕೆಳಗೆ ನೋಡಿದರು. ಒಬ್ಬ ಹಿರಿಯರು ಬಿರುಕನ್ನೂ ತೋರಿಸಿದರು. ನಮ್ಮ ಹಿಂದೆ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಮೀನಿನವನೊಬ್ಬ ಬೈಕಿನ ಮೇಲೆ ಬುಟ್ಟಿ ಇಟ್ಟುಕೊಂಡು, "ಮೀನು ಕೆಡ್ತದ್ರೀ, ಬಿಡ್ರೀ," ಎಂದು ಗೋಗರೆಯುತ್ತಿದ್ದ.

ಕಂಡಕ್ಟರ್ ಸೇತುವೆ ದಾಟಿ ಹುಷಾರಾಗಿ ಹೆಜ್ಜೆ ಇಡುತ್ತ ಬಂದ. "ಏನಾಗ್ಯಾದ್ರೀ?"

"ಏನಿಲ್ರಿ," ಎಂದ ಮಾವ ವಿನಯದಿಂದ. "ನೀವು ವಿಮಾನ ಅದೀರಿ. ಮೊದ್ಲು ನೀವು ಹೋಗ್ರಿ."

ಕಂಡಕ್ಟರ್ ನನ್ನ ಕಡೆ ತಿರುಗಿ ದನಿ ತಗ್ಗಿಸಿ, "ಇವ್ರಿಗಿ ಯಾವಾಗಿಂದ ಹಿಂಗದ?" ಎಂದ.

ಬಸ್ಸು ಹೋದ ಮೇಲೆ ನಾನು ಹೊಟ್ಟೆ ಹಿಡಿದು ನಕ್ಕೆ. ಮಾವ ನಗಲಿಲ್ಲ. ಸೀರೆಯ ಗಂಟನ್ನೇ ಸವರುತ್ತ, "ನೀ ನಗ್ತಿ. ಅವತ್ತು ವಿಮಾನ ನಿಂತಾಗ ಕಿಟಕ್ಯಾಗ ಒಬ್ಬಾಕಿ ತನ್ನ ಕೂಸಿಗೆ ನನ್ನ ತೋರಸಾಕತ್ತಿದ್ದಳು. ಕೂಸು ಟಾಟಾ ಮಾಡ್ತು, ನಾನೂ ಮಾಡ್ದೆ. ಆ ಪೈಲಟ್ಟನ ಬ್ರೇಕು ಹತ್ತಲಿಲ್ಲಂದ್ರ ಏನಾಗ್ತಿತ್ತಂತ ಪಾಸು ಕಸಗೊಂಡ ಮ್ಯಾಲ ಹೊಳೀತು. ಆ ಕೂಸಿಗಿ ನಮ್ಮ ಸೇತುವಿ ಕಾನೂನು ಏನು ಗೊತ್ತಲೇ?" ಎಂದ.

ನನ್ನ ನಗು ಅಲ್ಲಿಗೇ ನಿಂತಿತು. ಮಾರನೆಯ ದಿನ ಯಾರೂ ಕರೆಯದೆ ನಾನೇ ಟ್ರ್ಯಾಕ್ಟರ್ ಹತ್ತಿದೆ.

ಮಾವ ಪರೀಕ್ಷೆಯಲ್ಲಿ ಪಾಸಾದ. "ವಿಮಾನಕ್ಕೂ ನಿಂತೆ, ನೀರಿನ ಟ್ಯಾಂಕರಿಗೂ ನಿಂತೆ. ಕಡೀಗಿ ಆ ಸಾಹೇಬರೇ, ಇನ್ನ ಹೋಗಪ್ಪಾ ಅಂದ್ರು," ಎಂದು ಫೋನಿನಲ್ಲಿ ಹೇಳಿದ. ಹೊಸ ಪಾಸಿನ ಜೊತೆ ಹೊಸ ಜಾಕೀಟೂ ಬಂತು. ಹಳೆಯದು ಗದ್ದೆಗೆ ಬಂತು.

ಮೊನ್ನೆ ಬೆಳ್ಳಕ್ಕಿಗಳನ್ನು ನೋಡಿ ಲಿಂಗಸುಗೂರಿಗೆ ಹಿಂದಿರುಗುವಾಗ ಅದೇ ಸೇತುವೆಗೆ ಬಂದೆ. ಆಚೆ ಬಸ್ಸು. ನನ್ನ ಹೆಬ್ಬೆರಳು ಆಗಲೇ ಲೈಟಿನ ಗುಂಡಿಯ ಮೇಲಿತ್ತು. ಒತ್ತಲಿಲ್ಲ. ಬೈಕು ನಿಲ್ಲಿಸಿ ಕಾಲು ನೆಲಕ್ಕಿಟ್ಟೆ. ಬಸ್ಸೂ ನಿಂತಿತು. ಬಾಗಿಲಿನಿಂದ ಹೊರಗೆ ಬಾಗಿ ನೋಡಿದವನು ಅದೇ ಕಂಡಕ್ಟರ್. ನನ್ನ ಗುರುತು ಸಿಕ್ಕಿತೆಂದು ತೋರುತ್ತದೆ.

"ನಡೀಪಾ ಡ್ರೈವರಾ," ಎಂದ ಬಲು ಬೇಸರದಿಂದ. "ನಾವು ವಿಮಾನ ಅದೀವಿ."

ಬಸ್ಸು ಪಕ್ಕದಲ್ಲಿ ಹಾದು ಹೋಗುವಾಗ ಕಿಟಕಿಯಿಂದ ಕೂಸೊಂದು ಟಾಟಾ ಮಾಡಿತು. ಲೈಟಿನ ಗುಂಡಿಯ ಮೇಲಿದ್ದ ಕೈಯನ್ನೇ ಎತ್ತಿ ನಾನೂ ಮಾಡಿದೆ.