ಸಾಲ ಕೊಟ್ಟ ಬ್ಯಾಂಕಿಗೆ ನಾವು ಕೊಟ್ಟ ಅಂಕ

ದೊಡ್ಡವ್ವ ಅಂದು ಏನು ಹೇಳಿದಳೆಂದು ನನಗೆ ಚೆನ್ನಾಗಿ ನೆನಪಿದೆ. ಅದನ್ನು ನಾನು ಇಂಗ್ಲಿಷಿನಲ್ಲಿ ಏನೆಂದು ಹೇಳಿದೆನೋ ಅದು ಮಾತ್ರ ನೆನಪಿಲ್ಲ. ಇಂಥ ಮರೆವನ್ನು ನಾನು ನಂಬುವುದಿಲ್ಲ. ದಿನಚರಿ ತೆಗೆದು ನೋಡಿದರೆ ಆ ದಿನದ ಪುಟದಲ್ಲಿ ಎರಡೇ ಸಾಲು: ‘ಮಂಡಕ್ಕಿ ಒಗ್ಗರಣೆ, ಮಿರ್ಚಿ ಚೆನ್ನಾಗಿದ್ದವು. ಎಲ್ಲರೂ ಏಳು ಕೊಟ್ಟರು.’

ಏಳು ಕೊಟ್ಟದ್ದು ಒಂದು ಬ್ಯಾಂಕಿಗೆ. ಪೇಟೆಯ ಬ್ಯಾಂಕಲ್ಲ, ದೇಶಗಳಿಗೇ ಸಾಲ ಕೊಡುವ, ಸಮುದ್ರದಾಚೆಯ ಬ್ಯಾಂಕು. ಹೊಳಗುಂದದ ಕಡೆಯ ನಮ್ಮೂರ ಕೆರೆ ಅದರ ಸಾಲದಲ್ಲಿ ದುರಸ್ತಿಯಾಗಿತ್ತು. ಏರಿ ಎತ್ತರವಾಯಿತು, ತೂಬಿಗೆ ತಿರುಪು ತಿರುವಿ ಎತ್ತುವ ಕಬ್ಬಿಣದ ಗೇಟು ಬಂತು, ಬ್ಯಾಂಕಿನ ಹೆಸರು ಬರೆದ, ಗೇಟಿಗಿಂತ ದೊಡ್ಡ ಬೋರ್ಡೊಂದು ಎರಡು ಪೈಪುಗಳ ಮೇಲೆ ನಿಂತಿತು. ಆ ವರ್ಷ ಮಳೆಯೂ ಚೆನ್ನಾಗಿ ಬಿದ್ದು ಕೆರೆ ತುಂಬಿತು. ಗೇಟು ಮಾತ್ರ ಮೇಲೇಳಲಿಲ್ಲ. ಕೆರೆಯ ಕೆಳಗೆ ದೊಡ್ಡವ್ವನ ಅರ್ಧ ಎಕರೆ ಉಳ್ಳಾಗಡ್ಡಿ ಇತ್ತು. ಗಡ್ಡೆ ಬಲಿಯುವ ಹೊತ್ತು. ಹತ್ತು ದಿನದೊಳಗೆ ನೀರು ಹರಿಯದಿದ್ದರೆ ಬೆಳೆಯ ಆಸೆ ಬಿಡಬೇಕಿತ್ತು.

ಬ್ಯಾಂಕಿಗೆ ತನ್ನ ಬಗ್ಗೆ ಜನ ಏನಂದುಕೊಂಡಿದ್ದಾರೆಂದು ತಿಳಿಯುವ ಮನಸ್ಸಾದದ್ದು ಆಗಲೇ. ದೆಹಲಿಯಿಂದ ಸಮೀಕ್ಷೆಯವರೊಬ್ಬರು ಬರುವವರಿದ್ದರು. ಆದೋನಿಯ ಕಾಲೇಜಿನಲ್ಲಿ ಪಾಠ ಹೇಳುವ ನಾನು ಅವರ ದುಭಾಷಿ.

ಅವರು ಬರುವ ಹಿಂದಿನ ದಿನ ಊರ ಕಟ್ಟೆಯ ಮೇಲೆ ಜನ ಸೇರಿದರು. ಹೆಣ್ಣು ನೋಡಲು ಬರುವ ಬೀಗರ ಮುಂದೆ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂದು ಮನೆಯವರು ಗೊತ್ತು ಮಾಡಿಕೊಳ್ಳುತ್ತಾರಲ್ಲ, ಹಾಗೆ. ಬ್ಯಾಂಕಿಗೆ ಹತ್ತಕ್ಕೆ ಎಷ್ಟು ಅಂಕ ಕೊಡಬೇಕೆಂಬುದೇ ಪ್ರಶ್ನೆ.

“ಹತ್ತು ಕೊಟ್ಟೇಬಿಡ್ರಿ, ಹೋಗ್ಲಿ,” ಎಂದ ಕುರಿ ಸಾಕುವ ಮಾವ.

“ಪೂರಾ ಹತ್ತು ಕೊಟ್ರ ಎಲ್ಲಾ ಬರೋಬರಿ ಐತಿ ಅಂತ ಹೊಳ್ಳಿ ಹೋಗ್ತಾರ,” ಎಂದಳು ದೊಡ್ಡವ್ವ. “ಆಮ್ಯಾಲ ಗೇಟು ನೀ ಎತ್ತಾವನೇನು?”

“ಹಂಗಾದ್ರ ಮೂರು ಕೊಡೂಣು ಬಿಡವ್ವಾ.”

“ಮೂರು ಕೊಟ್ರ ಬೀಗ್ರು ಮುನಿಸ್ಕೊಂಡಂಗ ಮುನಿಸ್ಕೊಂತಾರ. ಕಾಲುವಿ ದುರಸ್ತಿಗೆ ಯಾರ್ ಬರ್ತಾರ? ನಿನ್ನ ಟಗರು ಬರ್ತದೇನು?”

ಏಳಕ್ಕೆ ಒಪ್ಪಂದವಾಯಿತು. ಸಂತೋಷವೂ ಕಾಣಬೇಕು, ಒಂದಿಷ್ಟು ಕೊರತೆಯೂ ಕಾಣಬೇಕು. ನಾನು ರಾಜ್ಯಶಾಸ್ತ್ರ ಓದಿದವನು. ದೇಶಗಳು ಇದಕ್ಕಿಂತ ಬೇರೆ ರೀತಿಯಲ್ಲಿ ಉತ್ತರ ಕೊಡುತ್ತವೆಂದು ನನಗನ್ನಿಸುವುದಿಲ್ಲ. ರಾಜಧಾನಿಗಳಲ್ಲಿ ಮಿರ್ಚಿಯ ಬದಲು ಗೋಡಂಬಿ ಇರುತ್ತದೆ, ಅಷ್ಟೆ.

ಮರುದಿನ ಸಮೀಕ್ಷೆಯವರು ಮನೆ ಮನೆಗೆ ಬಂದರು. ಸಂಸ್ಥೆಯ ಮೇಲೆ ಎಷ್ಟು ನಂಬಿಕೆ? ಏಳು. ಅದರ ಕೆಲಸದ ಗುಣಮಟ್ಟ? ಏಳು. ಹದಿನಾಲ್ಕನೆಯ ಮನೆಯ ಹೊತ್ತಿಗೆ ಅವರು ಬೆವರೊರೆಸಿಕೊಂಡು, ಇಷ್ಟು ಸ್ಥಿರವಾದ ಅಭಿಪ್ರಾಯವನ್ನು ಎಲ್ಲೂ ಕಂಡಿಲ್ಲವೆಂದರು. ಹದಿನೈದನೆಯದು ದೊಡ್ಡವ್ವನ ಮನೆ. ನಿಮ್ಮ ದೇಶಕ್ಕೆ ಏನು ಬೇಕೆಂದು ಈ ಸಂಸ್ಥೆಗೆ ಎಷ್ಟರಮಟ್ಟಿಗೆ ತಿಳಿದಿದೆ ಎಂದು ಕೇಳಿದರು.

“ದೇಶದ್ದು ನನಗೇನು ಗೊತ್ತಪಾ? ಏಳು ಬರ್ಕೋ ಅನ್ನು. ಬರ್ಕೊಂಡ್ನಾ? ಈಗ ಕೇಳು ಅನ್ನು. ಆ ಕಡಿ ಕೆರಿ ತುಂಬೈತಿ, ಈ ಕಡಿ ನನ್ನ ಉಳ್ಳಾಗಡ್ಡಿ ಒಣಗಾಕ ಹತ್ತೈತಿ. ನಡುವ ಅವ್ರ ಗೇಟು ಕುಂತೈತಿ. ಎದ್ದು ಬಂದು ಒಂದ್ಸಲ ತಿರುವಿ ನೋಡು ಅನ್ನು ಸಾಹೇಬ್ರಿಗೆ. ಗೇಟು ಎದ್ರ ಹತ್ತಲ್ಲ, ನೂರು ಕೊಡ್ತೀನಿ.”

ನಾನು ಅನುವಾದಿಸಿದೆ. ಎಷ್ಟನ್ನು? ಗೇಟಿನ ನಿರ್ವಹಣೆಯ ಬಗ್ಗೆ ಈಕೆಗೆ ಒಂದು ಸಲಹೆಯಿದೆ ಎಂದಷ್ಟೇ ಹೇಳಿದೆನೆಂದು ಅನುಮಾನ. ಯಾಕೆಂದರೆ ಅವರ ಮುಖ ಅರಳಿತ್ತು. ಪೂರ್ತಿ ಹೇಳಿದ್ದರೆ ಅರಳುತ್ತಿರಲಿಲ್ಲ. ಟ್ಯಾಬಿನಲ್ಲಿ ‘ಸಲಹೆ: ಇದೆ’ ಎಂಬುದನ್ನು ಒತ್ತಿದರು. ಮಿರ್ಚಿ ತಿಂದು, ದೊಡ್ಡವ್ವನನ್ನು ಬೋರ್ಡಿನ ಮುಂದೆ ನಿಲ್ಲಿಸಿ ಫೋಟೊ ತೆಗೆದು, ಹೊರಟರು. ಗೇಟು ಅಲ್ಲಿಂದ ಹತ್ತು ಮಾರು ದೂರವಿತ್ತು.

“ಹೇಳಿದ್ಯಾ?” ಎಂದಳು ದೊಡ್ಡವ್ವ, ಮನೆಗೆ ಮರಳಿದ ಮೇಲೆ.

“ಹೇಳೀನಿ.”

“ಪೂರಾ?”

ನಾನು ಟೀ ಲೋಟಗಳನ್ನು ಎತ್ತಿಡತೊಡಗಿದೆ.

ಒಂದು ವಾರ ಯಾರೂ ಬರಲಿಲ್ಲ. ಎಂಟನೆಯ ದಿನ ದೊಡ್ಡವ್ವ ಮಾವನನ್ನೂ ಮತ್ತೆ ಮೂವರನ್ನೂ ಕರೆದುಕೊಂಡು ಏರಿ ಹತ್ತಿದಳು. ಬೋರ್ಡಿನ ಒಂದು ಪೈಪನ್ನು ಕಿತ್ತು, ಗೇಟಿನ ತಿರುಪಿನ ಹಿಡಿಕೆಗೆ ತೂರಿಸಿ, ನಾಲ್ವರೂ ಮೈಭಾರ ಬಿಟ್ಟು ಒತ್ತಿದರು. ಕರಕರ ಎಂದು ಗೇಟು ಒಂದು ಗೇಣು ಎದ್ದಿತು. ಬೋರ್ಡು ಒಂಟಿಗಾಲಲ್ಲಿ ವಾಲಿಕೊಂಡು, ಕಾಲುವೆಗೆ ಹೋಗುವ ನೀರನ್ನು ನೋಡುತ್ತ ನಿಂತಿತು. ನಾನೂ ಕೈ ಹಚ್ಚಿದ್ದೆನೆಂದು ಆದೋನಿಯಲ್ಲಿ ಹಲವರಿಗೆ ಹೇಳಿದ್ದೇನೆ. ದೊಡ್ಡವ್ವನ ಪ್ರಕಾರ ನಾನು ಏರಿಯ ಮೇಲೆ ಎಲ್ಲರ ಚಪ್ಪಲಿ ಕಾಯುತ್ತಿದ್ದೆ.

ಉಳ್ಳಾಗಡ್ಡಿ ಕಿತ್ತು ಅಂಗಳದಲ್ಲಿ ಹರವಿದ್ದ ದಿನ ಸಮೀಕ್ಷೆಯವರ ಫೋನು ಬಂತು. ದೊಡ್ಡವ್ವನ ಒಂದು ಉತ್ತರ ಉಳಿದುಹೋಗಿತ್ತಂತೆ: ಬೋರ್ಡಿನಿಂದ ಜನರಿಗೆ ಎಷ್ಟು ಉಪಯೋಗವಾಗಿದೆ?

ದೊಡ್ಡವ್ವ ಗಡ್ಡೆಯ ಬಾಲ ಕೊಯ್ಯುವುದನ್ನು ನಿಲ್ಲಿಸಿದಳು. “ಗೇಟಿಗೆ ಸೊನ್ನಿ. ಬೋರ್ಡಿಗೆ ಹತ್ತು. ಅದರ ಕಾಲು ಕಿತ್ತೇ ಗೇಟು ಎತ್ತೀವಿ ಅನ್ನು. ಈ ಸಲ ಪೂರಾ ಹೇಳು.”

ಪೂರ್ತಿ ಹೇಳಿದೆ. ಆಕೆ ಕುಡುಗೋಲು ಹಿಡಿದು ಎದುರಿಗೇ ಕೂತಿದ್ದಳು.  ಗೇಟಿಗೆ ಅಂಕ ಕೊಡುವ ಪ್ರಶ್ನೆ ತಮ್ಮ ಪಟ್ಟಿಯಲ್ಲಿಲ್ಲ ಎಂದರು ಸಮೀಕ್ಷೆಯವರು. ಆಮೇಲೆ ಬೋರ್ಡಿಗೆ ಹತ್ತು ಎಂದು ಬರೆದುಕೊಂಡು, ಈ ಭಾಗದಲ್ಲಿ ಸಿಕ್ಕ ಅತಿ ಹೆಚ್ಚಿನ ಅಂಕ ಇದೇ ಎಂದು ಸಂತೋಷಪಟ್ಟರು.

“ಏನಂದ?”

ಅದನ್ನೂ ಪೂರ್ತಿ ಅನುವಾದಿಸಿದೆ.

“ಹಂಗಾದ್ರ ಆ ಇನ್ನೊಂದು ಪೈಪು ಯಾರೂ ಮುಟ್ಟಬ್ಯಾಡ್ರಿ,” ಎಂದಳು ದೊಡ್ಡವ್ವ. “ಮುಂದಿನ ಸಲ ಅವ್ರು ಮತ್ತೇನರ ಕಟ್ಟಿದ್ರ ಬೇಕಾಕ್ಕೈತಿ.”