ಕತ್ತರಿ ರಾಯರ ಮನೆಯ ಸಾರು

ಗಿಂಡಿ ಬಡಾವಣೆಯ ಆಫೀಸಿನಿಂದ ನಾನು ಇಂಟರ್ನೆಟ್ಟಿನ ಕನ್ನಡ ಬಳಗವೊಂದಕ್ಕೆ ವಾರವಾರವೂ ಬರೆದು ಕಳಿಸುತ್ತಿದ್ದೆ. ಅಲ್ಲಿ ವಿಷಯ ಕೊಡುವವರೂ ತಿದ್ದುವವರೂ ರೈಲ್ವೆಯಲ್ಲಿದ್ದು ನಿವೃತ್ತರಾದ ರಾಯರು. ಎರಡು ಪುಟ ಕಳಿಸಿದರೆ ಅವರ ಕತ್ತರಿಗೆ ಸಿಕ್ಕಿ ನಾಲ್ಕೇ ಸಾಲು ಉಳಿದು ವಾಪಸು ಬರುತ್ತಿತ್ತು, ಕೆಳಗೆ ‘ಮಾತು ಜಾಸ್ತಿ’ ಅಂತ ಷರಾ.

ಸಾಕು ಈ ಸಹವಾಸ ಎಂದು ಮುಖಕ್ಕೇ ಹೇಳಿಬರಲು ಒಂದು ಭಾನುವಾರ ವೇಲಚೇರಿಯ ಅವರ ಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ರಾಯರು ಶುರು ಮಾಡಿದರು. ಮೂರು ಗಂಟೆ ನಿಲ್ಲಿಸಲಿಲ್ಲ.

“ಬಿಡ್ರೀ, ಪಾಪ, ಊಟ ಮಾಡ್ಲಿ” ಎಂದು ಅವರ ಹೆಂಡತಿಯೇ ಎಲೆ ಹಾಕಿದರು. ಹೇಳಬೇಕಾದ್ದು ಹೇಳದೆ, ಉಂಡು ಬಂದೆ.

ಆ ವಾರ ಅದನ್ನೇ ಬರೆದು ಕಳಿಸಿದೆ. ತಮ್ಮ ಮಾತನ್ನೆಲ್ಲ ಹೊಡೆದುಹಾಕಿ ರಾಯರು ಉಳಿಸಿದ್ದು ಒಂದೇ ಸಾಲು: ‘ಸಾರು ಚೆನ್ನಾಗಿತ್ತು.’ ಕೆಳಗೆ ಷರಾ: ‘ಮಾತು ಜಾಸ್ತಿ. ಈ ಸಲ ನನ್ನದು.’