ದೊಡ್ಡವ್ವಗೆ ಹೇಳದೆ ಉಳಿಸಿಕೊಂಡ ಅರ್ಧ ಮಾತು

“ಕಂಕುಳು, ಎದೆ ಚೆನ್ನಾಗಿ ಒರೆಸ್ಕೊಂಡು ಒಳಗೆ ಹೋಗ್ರಿ,” ಎಂದು ಒದ್ದೆ ಬಟ್ಟೆ ಕೊಟ್ಟೆ. ಮೊನ್ನೆ ಹರಿಹರದ ಕ್ಯಾಂಪಿನಲ್ಲಿ ಸಾಲಿಗೆ ನಿಂತಿದ್ದ ಹೆಂಗಸು ನನ್ನನ್ನು ಕೆಕ್ಕರಿಸಿ ನೋಡಿದಳು.

“ಗಂಡಸಾಗಿ ಇದನ್ನೆಲ್ಲ ಹೇಳಾಕೆ ನಾಚ್ಕಿ ಆಗಲ್ಲೇನು ನಿನಗೆ?”

ಆಗುವುದಿಲ್ಲ. ಮೊದಲು ಆಗುತ್ತಿತ್ತು. ಆಕೆಯ ಮೈಯಿಂದ ಪೌಡರ್ ವಾಸನೆ ಬಂತು. ನಮ್ಮ ಎದುರುಮನೆ ದೊಡ್ಡವ್ವ ನೆನಪಾದಳು...

ನಾನು ಕ್ಯಾನ್ಸರ್ ತಪಾಸಣೆಯ ವ್ಯಾನ್ ಓಡಿಸುತ್ತೇನೆ. ವ್ಯಾನಿನೊಳಗೆ ಟೆಕ್ನಿಷಿಯನ್ ಮೇಡಂ ಹೆಂಗಸರ ಎದೆಯ ಎಕ್ಸ್‌ರೇ ತೆಗೆಯುತ್ತಾರೆ. ಕಂಪ್ಯೂಟರ್ ಆ ಫೋಟೊ ನೋಡಿ, ಅನುಮಾನ ಬಂದ ಕಡೆಯೆಲ್ಲ ಗುಂಡಗೆ ಗುರುತು ಹಾಕುತ್ತದೆ. ಆಮೇಲೆ ದಾವಣಗೆರೆಯಲ್ಲಿ ಡಾಕ್ಟರು ಫೋಟೊನೂ ನೋಡಿ, ಗುರುತನ್ನೂ ನೋಡಿ, ಏನು ಎತ್ತ ಹೇಳುತ್ತಾರೆ. ಗಂಟು ಕೈಗೆ ಸಿಗುವ ಮೊದಲೇ ಗೊತ್ತಾಗಲಿ ಅಂತ ಇಷ್ಟೆಲ್ಲ. ನಾನು ಓದಿದ್ದು ಏಳನೇ ಕ್ಲಾಸು. ನನಗೆ ತಿಳಿದಿರುವುದು ಇಷ್ಟೇ.

ದೊಡ್ಡವ್ವ ದಾವಣಗೆರೆಯ ವಿನೋಬನಗರದಲ್ಲಿ ರೊಟ್ಟಿ ತಟ್ಟಿ ಮಾರುತ್ತಿದ್ದಳು. ರಕ್ತಸಂಬಂಧ ಏನಿಲ್ಲ. ನಮ್ಮವ್ವ ಕೆಲಸಕ್ಕೆ ಹೋದಾಗ ನನಗೆ ಉಣ್ಣಲು ಇಟ್ಟವಳು, ಅಷ್ಟೇ. ತಪಾಸಣೆಗೆ ಬಾ ಅಂದರೆ ಒಪ್ಪಲಿಲ್ಲ.

“ಓಣಿ ಹೆಂಗಸ್ರು ನೋಡಿದ್ರೆ ನಂಗೇನೋ ರೋಗ ಐತೆ ಅಂತ ಡಂಗುರ ಹೊಡೀತಾರೆ. ಆಮ್ಯಾಲೆ ನನ್ ರೊಟ್ಟಿ ಯಾರು ತಿಂತಾರಲೇ? ನೀ ತಿಂತೀಯ?”

ಕೊನೆಗೆ ಹರಿಹರದಲ್ಲಿ ಕ್ಯಾಂಪ್ ಹಾಕಿದಾಗ, ತಂಗಿ ಮನೆಗೆ ಹೋಗುತ್ತೇನೆ ಅಂತ ಓಣಿಯವರಿಗೆ ಹೇಳಿ ಬಂದಳು.

ಲಗ್ನಕ್ಕೆ ಬಂದ ಹಾಗೆ ಬಂದಳು. ತಲೆಸ್ನಾನ, ಪೆಟ್ಟಿಗೆಯಲ್ಲಿದ್ದ ಸೀರೆ, ಕುತ್ತಿಗೆ, ಕಂಕುಳು ಎಲ್ಲ ಕಡೆ ಪೌಡರ್. ದವಾಖಾನೆ ಅಂದರೆ ನಮ್ಮ ಹೆಂಗಸರು ಹೀಗೇ. ಬೆವರು ನಾರುತ್ತ ಡಾಕ್ಟರ ಮುಂದೆ ನಿಲ್ಲಬಾರದು ಅಂತ. ಪೌಡರ್ ಹಾಕಬೇಡಿ ಎಂದು ಮೊದಲೇ ಹೇಳುವುದು ನನ್ನ ಕೆಲಸವಾಗಿತ್ತು. ಸಾಕಿದವಳಿಗೆ ಕಂಕುಳು, ಎದೆ ಅಂತ ಹೆಂಗೆ ಹೇಳುವುದು... ಸುಮ್ಮನಿದ್ದೆ.

ಪೌಡರ್ ಫೋಟೊದಲ್ಲಿ ಬಿಳಿ ಚುಕ್ಕಿಯಾಗಿ ಬೀಳುತ್ತದೆ. ಕ್ಯಾನ್ಸರ್ ಶುರುವಾಗುವಾಗ ಕೆಲವು ಸಲ ಅದೂ ಹಾಗೇ ಬಿಳಿ ಚುಕ್ಕಿಯಾಗಿ ಕಾಣುತ್ತದಂತೆ. ಕಂಪ್ಯೂಟರ್ ಸಿಕ್ಕ ಸಿಕ್ಕಲ್ಲಿ ಗುರುತು ಹಾಕಿತ್ತು. ಅಷ್ಟರಲ್ಲಿ ದೊಡ್ಡವ್ವ ಹೊರಟುಹೋಗಿದ್ದಳು.

ಎರಡು ದಿನ ಬಿಟ್ಟು ಮೇಡಂ ನನ್ನನ್ನು ಕರೆದರು. “ಡಾಕ್ಟ್ರು ಅವ್ರನ್ನ ವಾಪಸ್ ಕರೆಸ್ರಿ ಅಂದಾರೆ. ಪೌಡರ್ ಇರಬೋದು, ಆದ್ರೆ ಒರೆಸಿ ಇನ್ನೊಂದ್ಸಲ ತೆಗೆದ್ರೇನೇ ಗೊತ್ತಾಗೋದು. ನಿಮ್ಮ ಎದುರುಮನೆಯವ್ರಲ್ಲ, ನೀನೇ ಹೇಳು.”

ಹೇಳಲು ಹೋದೆ. ದೊಡ್ಡವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಮುಖ ಬಿಳಿಚಿಕೊಂಡಿತ್ತು.

“ಏನರ ಐತೇನಲೇ? ಖರೆ ಹೇಳು.”

ಆ ಮುಖ ನೋಡಲು ಆಗಲಿಲ್ಲ. “ಏನಿಲ್ಲ ದೊಡ್ಡವ್ವ, ಬರೀ ಪೌಡರ್ ಅಂತೆ. ಬಿಡುವಾದಾಗ ಒಂದ್ಸಲ ಬಾ,” ಅಂದೆ.

ನಕ್ಕುಬಿಟ್ಟಳು. “ನಿನ್ ಕಂಪ್ಯೂಟ್ರು ಪೌಡರ್ ಕಂಡ್ರೆ ಹೆದ್ರತೈತೇನು? ಅದಕ್ಕೊಂದು ತಾಯ್ತ ಕಟ್ಟಿಸು.” ನಾನೂ ನಕ್ಕೆ.

ಲಗ್ನದ ದಿನಗಳು. ರೊಟ್ಟಿ ಆರ್ಡರ್ ಜೋರಿತ್ತು, ಬಿಡುವಾಗಲಿಲ್ಲ. ಮೇಡಂ ಎರಡು ಸಲ ಕೇಳಿದರು. “ಬರ್ತಾಳೆ ರೀ,” ಅಂದೆ. ಆಮೇಲೆ ಮರೆತೆ.

ವರ್ಷ ತುಂಬುವ ಮೊದಲೇ ಗಂಟು ಕೈಗೆ ಸಿಕ್ಕಿತು. ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ದೊಡ್ಡವ್ವನ ಮಗಳು ಹೊರಗೆ ಚೀಟಿ ಮಾಡಿಸುತ್ತಿದ್ದಳು. ಡಾಕ್ಟರು ಹಳೆ ಫೋಟೊ, ಹೊಸ ಫೋಟೊ ಪಕ್ಕಪಕ್ಕ ಇಟ್ಟರು. ಹೊಸದರಲ್ಲಿ ಚುಕ್ಕಿಗಳು ಹೋಗಿದ್ದವು. ಒಂದು ಕಡೆಯವು ಮಾತ್ರ ಹೋಗಿರಲಿಲ್ಲ, ಹೆಚ್ಚಾಗಿದ್ದವು. ಹಳೆಯದರಲ್ಲೂ ಅಲ್ಲಿ ಕಂಪ್ಯೂಟರ್ ಹಾಕಿದ ಗುರುತಿತ್ತು.

“ಆವಾಗ್ಲೇ ಕರೆಸಿದ್ವಲ್ಲಮ್ಮ, ಯಾಕೆ ಬರ್ಲಿಲ್ಲ? ಯಾರೂ ಹೇಳ್ಲಿಲ್ವ?”

ದೊಡ್ಡವ್ವ ನನ್ನ ಕಡೆ ನೋಡಿದಳು. ನಾನು ಫೋಟೊ ಕಡೆ ತಿರುಗಿದೆ.

“ಹುಡುಗ ಹೇಳಿದ್ದ ರೀ,” ಅಂದಳು. “ನಾನೇ ಬರ್ಲಿಲ್ಲ.”

ಹೊರಗೆ ಬಂದ ಮೇಲೂ ಆ ಮಾತು ಎತ್ತಲಿಲ್ಲ. ಸಾಯುವ ತನಕ ಎತ್ತಲಿಲ್ಲ. ಒಂದು ಸಲ ಬೈದಿದ್ದರೆ...

ಈಗ ಆ ಮನೆಯಲ್ಲಿ ಮಗಳು ಇದ್ದಾಳೆ. ಹಬ್ಬಕ್ಕೆ ನನ್ನನ್ನು ಕರೆದು ಊಟಕ್ಕೆ ಹಾಕುತ್ತಾಳೆ. “ನಮ್ಮವ್ವನ್ನ ದವಾಖಾನೆಗೆ ಎಷ್ಟು ಅಡ್ಡಾಡಿಸ್ದಿ ಅಣ್ಣ, ಹೊಟ್ಟೇಲಿ ಹುಟ್ಟಿದ ಮಕ್ಳೂ ಮಾಡಲ್ಲ,” ಅನ್ನುತ್ತಾಳೆ. ನಾನು ತಲೆ ತಗ್ಗಿಸಿ ತಿಂದು ಬರುತ್ತೇನೆ. ಡಾಕ್ಟರು ಕರೆಸಿದ್ದು, ನಾನು ಏನಿಲ್ಲ ಅಂದಿದ್ದು, ಅವಳಿಗೆ ಗೊತ್ತಿಲ್ಲ. ಎದುರಿಗೆ ಕೂತು ಹೇಳಲು ನನ್ನಿಂದ ಆಗಲಿಲ್ಲ. ಇಲ್ಲಿ ಪೇಪರಿಗೆ ಬರೆದಿದ್ದೇನೆ. ಅವಳು ಪೇಪರ್ ಓದುತ್ತಾಳೆ. ಓದಲಿ.

ಇದಕ್ಕಿಂತ ಹೆಚ್ಚಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.